ಹೊಟ್ಟೆ ಉಬ್ಬರವೇ? ಕೋಸಂಬರಿ ಬಿಡಬೇಡಿ, ಒಗ್ಗರಣೆ ಬದಲಿಸಿ

ಊಟವಾದ ಅರ್ಧ ಗಂಟೆಗೆಲ್ಲ ಹೊಟ್ಟೆ ತಮಟೆಯಂತೆ ಬಿಗಿದುಕೊಂಡು, ಸೀರೆಯ ಗಂಟು ಸಡಿಲಿಸದೆ ಕೂರಲಾರದ ಹೆಂಗಸರು ನಮ್ಮ ನಡುವೆ ಎಷ್ಟು ಜನ ಇದ್ದಾರೆಂದು ನಿಮಗೇ ಗೊತ್ತು. ಯಾರನ್ನು ಕೇಳಿದರೂ "ಏನಿಲ್ಲ ಕಣ್ರೀ, ಗ್ಯಾಸು ಅಷ್ಟೇ" ಅಂತಾರೆ. ಓಮಿನ ಕಷಾಯ ಕುಡಿಯುತ್ತಾರೆ, ಸೋಡಾ ಕುಡಿಯುತ್ತಾರೆ, ಅಂಗಡಿಯಿಂದ ಮಾತ್ರೆ ತರಿಸಿ ನುಂಗುತ್ತಾರೆ. ಒಂದು ದಿನ ಮಲಬದ್ಧತೆ, ಇನ್ನೊಂದು ದಿನ ಭೇದಿ. ಮದುವೆ ಮನೆಗೆ ಹೋಗಬೇಕೆಂದರೆ ಮೊದಲು ಬಚ್ಚಲು ಎಲ್ಲಿದೆ ಅಂತ ನೋಡಿಕೊಳ್ಳಬೇಕಾದ ಸಂಕಟ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಾದರೂ ಯಾರ ಹತ್ತಿರ?

ಇಂಥವರು ಮೊಟ್ಟಮೊದಲು ಬಿಡುವುದು ಯಾವುದನ್ನು ಗಮನಿಸಿದ್ದೀರಾ? ಹಸಿ ತರಕಾರಿಯನ್ನು. "ಹಸೀದು ನನಗೆ ಒಗ್ಗಲ್ಲ" ಎಂದು ಕೋಸಂಬರಿಯನ್ನು ಎಲೆಯ ಅಂಚಿಗೆ ಸರಿಸಿಬಿಡುತ್ತಾರೆ. ಸೌತೆಕಾಯಿ, ಕ್ಯಾರೆಟ್ಟು, ಮೂಲಂಗಿ ಎಲ್ಲಕ್ಕೂ ಅಪರಾಧಿಯ ಪಟ್ಟ. ಆದರೆ ಆ ಸೌತೆಕಾಯಿಯ ಜೊತೆಗೆ ಏನಿತ್ತು, ಅದರ ಮೇಲೆ ಏನು ಸುರಿದಿದ್ದರು ಎಂದು ಯಾರೂ ಕೇಳುವುದಿಲ್ಲ. ಈರುಳ್ಳಿ ಚೂರು, ಜಜ್ಜಿದ ಬೆಳ್ಳುಳ್ಳಿ, ಒಂದು ಸೌಟು ಮೊಸರು, ಇಲ್ಲವೇ ಪೇಟೆಯಿಂದ ತಂದ ಸೀಸೆಯಲ್ಲಿನ ಸಲಾಡ್ ಡ್ರೆಸ್ಸಿಂಗ್. ಎಷ್ಟೋ ಸಲ ನಿಜವಾದ ಕಳ್ಳ ಇರುವುದು ಅಲ್ಲಿ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದೂ ಅದನ್ನೇ.

ಏನಿದು ಫಾಡ್‌ಮ್ಯಾಪ್?

ಹೆಸರು ಕೇಳಿ ಗಾಬರಿಯಾಗಬೇಡಿ. ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದ ಮೊನಾಶ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ ಎಂಬುವರು 2005ರಲ್ಲಿ ಈ ಪದವನ್ನು ಬಳಕೆಗೆ ತಂದರು. ನಾವು ತಿನ್ನುವ ಪದಾರ್ಥಗಳಲ್ಲಿರುವ ಕೆಲವು ಬಗೆಯ ಸಕ್ಕರೆ ಅಂಶಗಳಿಗೆ ಒಟ್ಟಾಗಿ ಕೊಟ್ಟ ಹೆಸರು ಇದು. ಇವು ಸಣ್ಣಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತವೆ. ಆಮೇಲೆ ದೊಡ್ಡಕರುಳಿಗೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ಹುದುಗುತ್ತವೆ. ದೋಸೆ ಹಿಟ್ಟು ರಾತ್ರಿಯೆಲ್ಲ ಹುದುಗಿ ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತುವುದಿಲ್ಲವೇ? ಹಾಗೆಯೇ ಒಳಗೆ ವಾಯು ತುಂಬಿಕೊಳ್ಳುತ್ತದೆ.

ಇದು ಎಲ್ಲರ ಹೊಟ್ಟೆಯಲ್ಲೂ ನಡೆಯುವ ಕೆಲಸವೇ. ಆದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐ.ಬಿ.ಎಸ್. ಎಂಬ ತೊಂದರೆ ಇರುವವರ ಕರುಳು ಬಹಳ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ವಾಯುವಿಗೆ ಇವರು ನೋವಿನಿಂದ ಮುದುಡಿಕೊಳ್ಳುತ್ತಾರೆ. ಆದ್ದರಿಂದ "ನಾವೆಲ್ಲ ತಿಂದಿದ್ದನ್ನೇ ತಾನೇ ನೀನೂ ತಿಂದಿದ್ದು, ನಿನಗೊಬ್ಬಳಿಗೆ ಮಾತ್ರ ಏನು?" ಎಂದು ಮನೆಯವರು ಚುಚ್ಚುವುದು ನ್ಯಾಯವಲ್ಲ. ಅವರದು ನಾಟಕವೂ ಅಲ್ಲ, ಸೋಮಾರಿತನವೂ ಅಲ್ಲ.

ಈ ಸಕ್ಕರೆ ಅಂಶಗಳನ್ನು ಅಡಿಗೆಮನೆಯ ಭಾಷೆಯಲ್ಲಿ ಹೀಗೆ ನೆನಪಿಡಿ: ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವುದು ಫ್ರಕ್ಟಾನ್. ಬೇಳೆಕಾಳುಗಳಲ್ಲಿ ಅದರದೇ ಜಾತಿಯ ಇನ್ನೊಂದು. ಹಾಲು, ಮೊಸರಿನಲ್ಲಿರುವುದು ಲ್ಯಾಕ್ಟೋಸ್. ಜೇನುತುಪ್ಪ, ಮಾವಿನಹಣ್ಣಿನಲ್ಲಿ ಮಿತಿಮೀರಿದ ಫ್ರಕ್ಟೋಸ್. ಅಣಬೆಯಲ್ಲಿ ಮತ್ತು "ಸಕ್ಕರೆ ಇಲ್ಲ" ಎಂದು ಮಾರುವ ಕೆಲವು ಸಿಹಿತಿಂಡಿಗಳಲ್ಲಿ ಪಾಲಿಯಾಲ್ ಎಂಬ ಗುಂಪು. ಕೆಲವು ವಾರ ಇವನ್ನು ಕಡಿಮೆ ಮಾಡಿ, ಆಮೇಲೆ ಒಂದೊಂದಾಗಿ ಪರೀಕ್ಷೆ ಮಾಡಿ ನೋಡುವುದೇ ಕಡಿಮೆ ಫಾಡ್‌ಮ್ಯಾಪ್ ಪಥ್ಯ. ಐ.ಬಿ.ಎಸ್. ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದರಿಂದ ಸಮಾಧಾನ ಸಿಗುತ್ತದೆ. ಎಲ್ಲರಿಗೂ ಸಿಗುವುದಿಲ್ಲ, ಅದೂ ನಿಜ.

ನಮ್ಮ ಹೊಲದ ಎರಡು ಬೆಳೆ

ನಮ್ಮ ಚಳ್ಳಕೆರೆ ಸೀಮೆ ಮಳೆ ಕಮ್ಮಿಯ ಸೀಮೆ. ಇಲ್ಲಿ ಶೇಂಗಾ ಬೆಳೆದೇ ಊರು ಬೆಳೆದದ್ದು. ಬೆಂಗಳೂರಿನವರು ಕಡಲೆಕಾಯಿ ಅನ್ನುವುದನ್ನು ನಾವು ಶೇಂಗಾ ಅನ್ನುತ್ತೇವೆ. ಎಣ್ಣೆ ಮಿಲ್ಲುಗಳು ಎಷ್ಟಿದ್ದವೆಂದರೆ ಚಳ್ಳಕೆರೆಗೆ ಎಣ್ಣೆ ನಗರಿ ಎಂದೇ ಹೆಸರು, ಎರಡನೇ ಬೊಂಬಾಯಿ ಎಂದೂ ಕರೆಯುತ್ತಿದ್ದರು. ಆಮೇಲೆ ಹೊರದೇಶದ ತಾಳೆಣ್ಣೆ ಅಗ್ಗವಾಗಿ ಬಂದು ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. ಆದರೂ ಶೇಂಗಾ ಎಣ್ಣೆಯ ಒಗ್ಗರಣೆಯ ಪರಿಮಳ ನಮ್ಮ ಮನೆಗಳಿಂದ ಹೋಗಿಲ್ಲ. ಅದೇ ಹೊಲಗಳಲ್ಲಿ ಬೆಳೆಯುವ ಇನ್ನೊಂದು ಬೆಳೆ ಈರುಳ್ಳಿ. ಬೆಲೆ ಬಿದ್ದಾಗ ರೈತರನ್ನು ಅಳಿಸುತ್ತದೆ, ಹೆಚ್ಚುವಾಗ ನಮ್ಮನ್ನು ಅಳಿಸುತ್ತದೆ.

ತಮಾಷೆ ನೋಡಿ. ಈ ಎರಡರಲ್ಲಿ ಒಂದು ಐ.ಬಿ.ಎಸ್. ಇರುವವರ ಹೊಟ್ಟೆಗೆ ಶತ್ರು, ಇನ್ನೊಂದು ಮಿತ್ರ. ಈರುಳ್ಳಿಯ ಗಡ್ಡೆಯಲ್ಲಿ ಫ್ರಕ್ಟಾನ್ ಬಹಳ. ಹಸಿಯಾಗಿ ತಿಂದರೂ ಅಷ್ಟೇ, ಹುರಿದು ತಿಂದರೂ ಅಷ್ಟೇ. ಶೇಂಗಾ ಬೀಜದಲ್ಲಿ ಈ ಅಂಶಗಳು ಕಡಿಮೆ, ಒಂದು ಹೊತ್ತಿಗೆ ಸುಮಾರು 30 ಬೀಜ ತಿನ್ನಬಹುದು. ಇನ್ನು ಅದರ ಎಣ್ಣೆಯಲ್ಲಂತೂ ಫಾಡ್‌ಮ್ಯಾಪ್ ಇಲ್ಲವೇ ಇಲ್ಲ, ಏಕೆಂದರೆ ಶುದ್ಧ ಎಣ್ಣೆಯಲ್ಲಿ ಸಕ್ಕರೆಯ ಅಂಶ ಇರುವುದಿಲ್ಲ. ದೂರದ ಆಲಿವ್ ಎಣ್ಣೆಯೇ ಬೇಕು ಎನ್ನುವ ಕಾರಣವಿಲ್ಲ. ನಮ್ಮ ಶೇಂಗಾ ಎಣ್ಣೆ, ಎಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಆದೀತು. ಆದರೆ ಎಣ್ಣೆ ಹೆಚ್ಚಾದರೂ ಕೆಲವರ ಕರುಳು ಕೆರಳುತ್ತದೆ. ಒಬ್ಬರಿಗೆ ಒಂದು ಚಹಾ ಚಮಚ ಸಾಕು.

ಮಗ್ಗದ ಮುಂದೆ ಕೂತ ತಂಗಿ

ನನ್ನ ತಂಗಿಯನ್ನು ಕೊಟ್ಟಿರುವುದು ಮೊಳಕಾಲ್ಮುರಿಗೆ. ರೇಷ್ಮೆ ಸೀರೆಗೆ ಹೆಸರಾದ ಊರು ನಿಮಗೆ ಗೊತ್ತಲ್ಲ. ಗಂಡ ಹೆಂಡತಿ ಇಬ್ಬರೂ ನೇಯುವವರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ ಗಂಟೆಗಟ್ಟಲೆ ಕೂರುವ ಕೆಲಸ. ಉಬ್ಬಿದ ಹೊಟ್ಟೆ ಹೊತ್ತುಕೊಂಡು ಹಾಗೆ ಬಾಗುವುದು ಹೇಗೆ? ಅವರ ಕೂಲಿ ಸೀರೆಯ ಲೆಕ್ಕದಲ್ಲಿ. ಎದ್ದು ಎದ್ದು ಹೋದರೆ ಸೀರೆ ಮುಗಿಯುವುದಿಲ್ಲ, ಸೀರೆ ಮುಗಿಯದಿದ್ದರೆ ಕೈಗೆ ದುಡ್ಡು ಬರುವುದಿಲ್ಲ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು "ಅಮ್ಮಾ, ಮುದ್ದೆ ಸಾರು ಕಮ್ಮಿ ಮಾಡಿ ಸಲಾಡ್ ತಿನ್ನು" ಎಂದು ಪ್ರೀತಿಯಿಂದ ಒಂದು ಡ್ರೆಸ್ಸಿಂಗ್ ಸೀಸೆ ತಂದುಕೊಟ್ಟಳು. ಜೇನು, ಸಾಸಿವೆ, ಬೆಳ್ಳುಳ್ಳಿಯ ರುಚಿಯದು. ತಂಗಿ ಅದನ್ನು ಸೌತೆಕಾಯಿ ಮೇಲೆ ಸುರಿದುಕೊಂಡು ತಿಂದಳು. ಹೊಟ್ಟೆ ಇನ್ನಷ್ಟು ಕೆಟ್ಟಿತು. ಸೌತೆಕಾಯಿಯದೇ ತಪ್ಪೆಂದು ತರಕಾರಿಯನ್ನೇ ಬಿಟ್ಟಳು. ಬೇಳೆ ಬಿಟ್ಟಳು, ಹಣ್ಣು ಬಿಟ್ಟಳು. ಕೊನೆಗೆ ಉಳಿದದ್ದು ಅನ್ನ ಮತ್ತು ಮಜ್ಜಿಗೆ. ಮಜ್ಜಿಗೆ ಹೊಟ್ಟೆಗೆ ತಂಪು ಎಂದು ದಿನಕ್ಕೆ ಮೂರು ಲೋಟ ಕುಡಿದಳು. ಹೊಟ್ಟೆಯುಬ್ಬರ ಹಾಗೇ ಇತ್ತು, ಮೈಯ ತೂಕ ಮಾತ್ರ ಇಳಿಯುತ್ತಾ ಬಂತು. ಹಬ್ಬಕ್ಕೆ ಬಂದಾಗ ಬಳೆ ಮೊಣಕೈವರೆಗೆ ಜಾರುತ್ತಿದ್ದುದನ್ನು ಕಂಡು ನಮ್ಮ ತಾಯಿ ಕಣ್ಣೀರು ಹಾಕಿದರು.

ದಾವಣಗೆರೆಯ ವೈದ್ಯರೊಬ್ಬರು ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿ ಬೇರೆ ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು ಐ.ಬಿ.ಎಸ್. ಎಂದರು. ಪಥ್ಯ ಹೇಳುವ ಡಯಟಿಷಿಯನ್ ಅವಳು ತಿನ್ನುತ್ತಿದ್ದುದನ್ನೆಲ್ಲ ಒಂದು ವಾರ ಬರೆಸಿದರು. ಪಟ್ಟಿ ನೋಡಿದಾಗ ಗೊತ್ತಾಯಿತು, ಬಿಟ್ಟಿದ್ದ ಸೌತೆಕಾಯಿ ನಿರಪರಾಧಿ. ಸೀಸೆಯಲ್ಲಿ ಜೇನೂ ಇತ್ತು, ಬೆಳ್ಳುಳ್ಳಿ ಪುಡಿಯೂ ಇತ್ತು. ಬಿಡದೆ ಕುಡಿಯುತ್ತಿದ್ದ ಮಜ್ಜಿಗೆಯ ಲ್ಯಾಕ್ಟೋಸ್ ಅವಳಿಗೆ ಅರಗುತ್ತಿರಲಿಲ್ಲ. ಹೆಪ್ಪಾಗುವಾಗ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಪೂರ್ತಿ ಹೋಗುವುದಿಲ್ಲ. ಮೂರು ಲೋಟವೆಂದರೆ ಸಣ್ಣ ಮಾತೇ?

"ಅಕ್ಕಾ, ತಿನ್ನಬಹುದಾದ್ದನ್ನ ಬಿಟ್ಟು, ತಿನ್ನಬಾರದ್ದನ್ನೇ ತಿಂತಿದ್ದೆ ನೋಡು" ಎಂದಳು ನನ್ನ ತಂಗಿ. ಎಷ್ಟು ಮನೆಗಳಲ್ಲಿ ಹೀಗೆ ಆಗುತ್ತಿದೆಯೋ!

ಸೀಸೆಯ ಚೀಟಿ ಓದಿ

ಈಗ ನಮ್ಮ ಊರಿನ ಅಂಗಡಿಗಳಲ್ಲೂ ಡ್ರೆಸ್ಸಿಂಗ್ ಸೀಸೆಗಳು ಬಂದಿವೆ. ಮುಂದೆ ಅಂಟಿಸಿದ ಹಸಿರು ಎಲೆಯ ಚಿತ್ರ ನೋಡಬೇಡಿ, ಸೀಸೆ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಿಯಮವಿದೆ. ಮೊದಲಿಗೆ ಬರೆದದ್ದು ಹೆಚ್ಚು, ಕೊನೆಗೆ ಬರೆದದ್ದು ಕಡಿಮೆ. ಅಕ್ಷರ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ಅವರಿಗೂ ಪಾಠವಾಗುತ್ತದೆ.

ಪಥ್ಯದ ಮೊದಲ ವಾರಗಳಲ್ಲಿ ಈ ಹೆಸರುಗಳು ಕಂಡರೆ ಸೀಸೆಯನ್ನು ಅಲ್ಲೇ ಇಟ್ಟುಬಿಡಿ: ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಜೇನುತುಪ್ಪ, ಫ್ರಕ್ಟೋಸ್ ಸಿರಪ್, ಇನುಲಿನ್, ಚಿಕೋರಿ ಬೇರಿನ ನಾರು, ಹಾಲಿನ ಪುಡಿ. ಈರುಳ್ಳಿ, ಬೆಳ್ಳುಳ್ಳಿ ಪಟ್ಟಿಯ ಕೊನೆಯಲ್ಲಿದ್ದರೂ ನಂಬಬೇಡಿ, ಒಣಗಿಸಿದ ಪುಡಿಯಾದ್ದರಿಂದ ಚಿಟಿಕೆಯಲ್ಲೂ ಸತ್ವ ಜಾಸ್ತಿ. "ಮಸಾಲೆ ಪದಾರ್ಥಗಳು" ಎಂದಷ್ಟೇ ಬರೆದಿದ್ದರೆ ಅದರಲ್ಲಿ ಬೆಳ್ಳುಳ್ಳಿ ಅಡಗಿರಬಹುದು. ಸಕ್ಕರೆ ಇಲ್ಲದ ಡ್ರೆಸ್ಸಿಂಗ್ ಆದರೆ ಅಂಕಿಗಳನ್ನು ನೋಡಿ: 420 ಎಂದರೆ ಸಾರ್ಬಿಟಾಲ್, 421 ಮ್ಯಾನಿಟಾಲ್, 953 ಐಸೋಮಾಲ್ಟ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್. ಐದೂ ಪಾಲಿಯಾಲ್ ಗುಂಪಿನವೇ. ವಿಚಿತ್ರವೆಂದರೆ, ನಾವು ಹೆದರುವ ಸಾಮಾನ್ಯ ಸಕ್ಕರೆ ಈ ಪಥ್ಯದಲ್ಲಿ ಒಂದು ಚಿಟಿಕೆ ಹಾಕಿದರೆ ತೊಂದರೆಯಿಲ್ಲ, "ಆರೋಗ್ಯಕರ" ಎಂದು ಹೊಗಳುವ ಜೇನು ಮಾತ್ರ ತೊಂದರೆ. ಸಕ್ಕರೆ ಕಾಯಿಲೆಯವರು ಮಾತ್ರ ತಮ್ಮ ವೈದ್ಯರ ಮಾತಿನಂತೆ ನಡೆಯಿರಿ.

ಯಾವುದು ಹೌದು, ಯಾವುದು ಬೇಡ

ಡ್ರೆಸ್ಸಿಂಗಿಗೆ ಬೇಕಾದದ್ದು ಮೂರೇ: ಒಂದಿಷ್ಟು ಎಣ್ಣೆ, ಒಂದಿಷ್ಟು ಹುಳಿ, ಒಂದಿಷ್ಟು ಪರಿಮಳ. ಎಣ್ಣೆಯ ಮಾತು ಆಯಿತು. ಹುಳಿಗೆ ನಿಂಬೆರಸಕ್ಕಿಂತ ಒಳ್ಳೆಯದಿಲ್ಲ. ಬಿಳಿ ವಿನೆಗರ್ ಕೂಡ ಆಗುತ್ತದೆ. ಮೊಸರು ಬೇಕೇ ಬೇಕೆನ್ನುವವರು ಲ್ಯಾಕ್ಟೋಸ್ ತೆಗೆದ ಹಾಲು ತಂದು ಮನೆಯಲ್ಲೇ ಹೆಪ್ಪು ಹಾಕಿಕೊಳ್ಳಬಹುದು. ಅದು ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಹೆಚ್ಚು.

ಪರಿಮಳಕ್ಕೆ ಇಂಗು, ಸಾಸಿವೆ, ಜೀರಿಗೆ, ಮೆಣಸು, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು, ಪುದೀನ ಎಲ್ಲವೂ ಸೈ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆಗಳಲ್ಲಿ ತಲೆತಲಾಂತರದಿಂದ ಇಂಗೇ ಆ ರುಚಿ ಕೊಡುತ್ತಾ ಬಂದಿದೆ. ಹಬ್ಬದ ದಿನ ನಾವೂ ಹಾಗೇ ಮಾಡುತ್ತೇವಲ್ಲ? ಆ ಅಡಿಗೆಯನ್ನೇ ವಾರದ ದಿನಗಳಿಗೂ ತಂದರಾಯಿತು. ಒಂದು ಎಚ್ಚರಿಕೆ: ಅಂಗಡಿಯ ಕೂಡಿಸಿದ ಇಂಗಿನಲ್ಲಿ ಗೋಧಿಹಿಟ್ಟು ಇರುತ್ತದೆ. ಚಿಟಿಕೆ ಹಾಕಿದರೆ ಐ.ಬಿ.ಎಸ್.ನವರಿಗೆ ಅಡ್ಡಿಯಿಲ್ಲ. ಗೋಧಿಯೇ ಆಗದ ಸೀಲಿಯಾಕ್ ರೋಗದವರು ಮಾತ್ರ ಅಕ್ಕಿಹಿಟ್ಟು ಅಥವಾ ಅಂಟು ಸೇರಿಸಿದ ಇಂಗನ್ನೇ ಹುಡುಕಿ ತರಬೇಕು. ಹಸಿಮೆಣಸಿನಕಾಯಿ ಫಾಡ್‌ಮ್ಯಾಪ್ ದೃಷ್ಟಿಯಿಂದ ಸ್ವಲ್ಪ ಆಗಬಹುದು, ಆದರೆ ಖಾರವೇ ಕೆಲವರ ಕರುಳನ್ನು ಕೆರಳಿಸುತ್ತದೆ. ನಮ್ಮ ಸೀಮೆಯ ಖಾರ ನಿಮಗೆ ಗೊತ್ತಲ್ಲ, ಕೈ ಬಿಗಿಹಿಡಿಯಿರಿ.

ತರಕಾರಿಯಲ್ಲಿ ಸೌತೆ, ಕ್ಯಾರೆಟ್, ಮೂಲಂಗಿ ಧಾರಾಳ. ಎಲೆಕೋಸು ಒಂದು ಹಿಡಿ, ಟೊಮ್ಯಾಟೊ ಅರ್ಧ, ಬೀಟ್‌ರೂಟ್ ಎರಡು ತೆಳು ಬಿಲ್ಲೆ ಮಾತ್ರ. ತೆಂಗಿನ ತುರಿ ಒಂದೆರಡು ಚಮಚ. ಹುರಿಗಡಲೆ, ಗೋಡಂಬಿ ಬೇಡ. ರಾಮನವಮಿಯ ಹೆಸರುಬೇಳೆ ಕೋಸಂಬರಿ ಏನು ಮಾಡುವುದು ಎನ್ನುತ್ತೀರಾ? ಬೇಳೆ ನೆನೆಸಿದ ನೀರನ್ನು ಚೆಲ್ಲಿದರೆ ತೊಂದರೆಯ ಅಂಶ ಸ್ವಲ್ಪ ನೀರಿನ ಜೊತೆ ಹೋಗುತ್ತದೆ. ಆದರೂ ಮೊದಲ ವಾರಗಳಲ್ಲಿ ಬೇಳೆ ಬಿಟ್ಟು, ಬದಲಿಗೆ ಶೇಂಗಾ ತರಿ ಉದುರಿಸಿ. ಪ್ರಸಾದವೆಂದು ಒಂದು ಚಮಚ ಕೈಗೆ ಬಂದರೆ ಕಣ್ಣಿಗೊತ್ತಿಕೊಂಡು ತಿನ್ನಿ, ಅಷ್ಟಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಮುಖ್ಯವಾದದ್ದು ಪ್ರಮಾಣ.

ಮಾಡಿ ನೋಡಿ

ಕೆಳಗಿನ ಅಳತೆಗಳೆಲ್ಲ ಇಬ್ಬರಿಗೆ. ಚಹಾ ಚಮಚ ಎಂದರೆ 5 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ.

1. ನಿಂಬೆ–ಇಂಗಿನ ಒಗ್ಗರಣೆ

ಬೇಕಾಗುವ ಪದಾರ್ಥಗಳು: ಶೇಂಗಾ ಎಣ್ಣೆ 2 ಚಹಾ ಚಮಚ, ಸಾಸಿವೆ ಅರ್ಧ ಚಹಾ ಚಮಚ, ಇಂಗು ಒಂದು ಚಿಟಿಕೆ, ಕರಿಬೇವು 6–7 ಎಲೆ, ತುರಿದ ಶುಂಠಿ ಕಾಲು ಚಹಾ ಚಮಚ, ನಿಂಬೆರಸ 2 ಚಹಾ ಚಮಚ, ಉಪ್ಪು, ಕೊತ್ತಂಬರಿ ಸೊಪ್ಪು.

ವಿಧಾನ: ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಶುಂಠಿ ಹಾಕಿ ಕೆಳಗಿಳಿಸಿ. ಪೂರ್ತಿ ತಣ್ಣಗಾದ ಮೇಲೆ ನಿಂಬೆರಸ ಸೇರಿಸಿ. ಬಿಸಿಯಲ್ಲಿ ಹಿಂಡಿದರೆ ನಿಂಬೆಯ ಪರಿಮಳ ಕೆಡುತ್ತದೆ. ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ತುರಿದ ಒಂದು ಕ್ಯಾರೆಟ್ಟಿಗೆ ಕಲಸಿ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಸೌತೆ ನೀರು ಬಿಟ್ಟುಕೊಳ್ಳುತ್ತದೆ.

2. ಹುರಿದ ಶೇಂಗಾ ಡ್ರೆಸ್ಸಿಂಗ್

ಬೇಕಾಗುವ ಪದಾರ್ಥಗಳು: ಹುರಿದು ಸಿಪ್ಪೆ ತೆಗೆದ ಶೇಂಗಾ 2 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ಹುರಿದ ಜೀರಿಗೆ ಕಾಲು ಚಹಾ ಚಮಚ, ಮೆಣಸಿನ ಪುಡಿ ಅಂದರೆ ಕಾಳುಮೆಣಸಿನದು ಕಾಲು ಚಹಾ ಚಮಚ, ಸಕ್ಕರೆ ಒಂದು ಚಿಟಿಕೆ, ಉಪ್ಪು, ಉಗುರುಬೆಚ್ಚಗಿನ ನೀರು 3 ದೊಡ್ಡ ಚಮಚ.

ವಿಧಾನ: ಎಲ್ಲವನ್ನೂ ನುಣ್ಣಗೆ ರುಬ್ಬಿ. ಗಟ್ಟಿಯೆನಿಸಿದರೆ ಇನ್ನೊಂದು ಚಮಚ ನೀರು ಸೇರಿಸಿ. ಎಳೆಯಾಗಿ ಹೆಚ್ಚಿದ ಎಲೆಕೋಸು, ಕ್ಯಾರೆಟ್ಟಿಗೆ ಬಹಳ ಹೊಂದುತ್ತದೆ. ಮೊಸರಿಲ್ಲದೆಯೂ ಮೊಸರು ಹಾಕಿದಷ್ಟು ಮೃದುವಾಗಿರುತ್ತದೆ. ಮುಗ್ಗಲು ಹಿಡಿದ, ಕಹಿಯಾದ ಶೇಂಗಾ ಬೀಜವನ್ನು ಒಂದಾದರೂ ಸೇರಿಸಬೇಡಿ, ಆ ಬೂಷ್ಟಿನಲ್ಲಿ ಯಕೃತ್ತಿಗೆ ಕೆಡುಕು ಮಾಡುವ ವಿಷ ಇರುತ್ತದೆ. ಶೇಂಗಾ ಅಲರ್ಜಿ ಇರುವವರು ಇದನ್ನು ಮುಟ್ಟಬಾರದು. ಬದಲಿಗೆ 1 ದೊಡ್ಡ ಚಮಚ ಹುರಿದ ಬಿಳಿ ಎಳ್ಳಿನಿಂದ ಮಾಡಿಕೊಳ್ಳಿ.

3. ಹಸಿರು ಡ್ರೆಸ್ಸಿಂಗ್

ಬೇಕಾಗುವ ಪದಾರ್ಥಗಳು: ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ 10 ಎಲೆ, ಈರುಳ್ಳಿ ಸೊಪ್ಪಿನ ಹಸಿರು ಭಾಗ ಹೆಚ್ಚಿದ್ದು 2 ದೊಡ್ಡ ಚಮಚ, ಶುಂಠಿ ಸಣ್ಣ ಚೂರು, ನಿಂಬೆರಸ 1 ದೊಡ್ಡ ಚಮಚ, ಎಣ್ಣೆ 2 ಚಹಾ ಚಮಚ, ಉಪ್ಪು.

ವಿಧಾನ: ಎಲ್ಲ ಸೇರಿಸಿ ರುಬ್ಬಿದರೆ ಆಯಿತು. ಈರುಳ್ಳಿ ಸೊಪ್ಪಿನ ಹಸಿರು ಎಲೆಯಲ್ಲಿ ಫ್ರಕ್ಟಾನ್ ಕಡಿಮೆ, ಬುಡದ ಬಿಳಿ ಗಡ್ಡೆಯಲ್ಲಿ ಹೆಚ್ಚು. ಬಿಳಿ ಭಾಗವನ್ನು ಕತ್ತರಿಸಿ ಮನೆಯ ಇತರರ ಸಾರಿಗೆ ಹಾಕಿ. ಈರುಳ್ಳಿಯ ರುಚಿಗೆ ಹಂಬಲಿಸುವವರಿಗೆ ಇದೊಂದು ವರ.

ಬೆಳ್ಳುಳ್ಳಿ ಎಣ್ಣೆಯ ಗುಟ್ಟು

ಬೆಳ್ಳುಳ್ಳಿಯ ಘಮ ಬೇಕು, ಬೆಳ್ಳುಳ್ಳಿಯ ಕಾಟ ಬೇಡ ಎಂದರೆ ಸಾಧ್ಯವೇ? ಸಾಧ್ಯ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಪರಿಮಳ ಮಾತ್ರ ಎಣ್ಣೆಗೆ ಇಳಿಯುತ್ತದೆ. ಆದ್ದರಿಂದ 4 ದೊಡ್ಡ ಚಮಚ ಎಣ್ಣೆಯಲ್ಲಿ 4 ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಬರುವವರೆಗೆ ಕಾಯಿಸಿ, ಒಂದು ಚೂರೂ ಉಳಿಯದಂತೆ ಸೋಸಿ, ಆ ಎಣ್ಣೆಯನ್ನು ಡ್ರೆಸ್ಸಿಂಗಿಗೆ ಬಳಸಬಹುದು. ಆದರೆ ಸಾರಿಗೋ ಪಲ್ಯಕ್ಕೋ ಬೆಳ್ಳುಳ್ಳಿ ಹಾಕಿ ಕುದಿಸಿ, ಆಮೇಲೆ ಎಸಳುಗಳನ್ನು ಆರಿಸಿ ತೆಗೆದರೆ ಪ್ರಯೋಜನವಿಲ್ಲ. ಅಷ್ಟು ಹೊತ್ತಿಗೆ ಫ್ರಕ್ಟಾನ್ ನೀರಿಗೆ ಇಳಿದುಬಿಟ್ಟಿರುತ್ತದೆ. ಹಾಗೆಯೇ ನಿಂಬೆರಸ, ಟೊಮ್ಯಾಟೊ ಬೆರೆಸುವುದು ಬೆಳ್ಳುಳ್ಳಿ ಸೋಸಿ ತೆಗೆದ ಮೇಲೆಯೇ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಈ ಎಣ್ಣೆಯನ್ನು ಸೀಸೆಗೆ ತುಂಬಿ ಉಪ್ಪಿನಕಾಯಿಯಂತೆ ಕಪಾಟಿನಲ್ಲಿ ಇಡಬಾರದು. ಮಣ್ಣಿನಿಂದ ಬೆಳ್ಳುಳ್ಳಿಗೆ ಅಂಟಿ ಬರುವ ಒಂದು ಸೂಕ್ಷ್ಮಜೀವಿ, ಗಾಳಿ ತಾಗದ ಎಣ್ಣೆಯೊಳಗೆ ಬೆಳೆದು ಬಾಟುಲಿಸಂ ಎಂಬ ಕಾಯಿಲೆ ತರುವ ಭೀಕರ ವಿಷ ತಯಾರಿಸುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. 1985ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ, ಶೀತಲ ಪೆಟ್ಟಿಗೆಯಲ್ಲಿಡದ ಎಣ್ಣೆಯ ಬೆಳ್ಳುಳ್ಳಿಯಿಂದ 36 ಮಂದಿ ಹೀಗೆ ಕಾಯಿಲೆ ಬಿದ್ದರು. ಆದ್ದರಿಂದ ಆಯಾ ಹೊತ್ತಿಗೆ ಬೇಕಾದಷ್ಟೇ ಮಾಡಿ. ಉಳಿದರೆ ಕೂಡಲೇ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಫ್ರಿಜ್ಜಿಲ್ಲದ ಮನೆಯಲ್ಲಿ ಉಳಿಸುವುದೇ ಬೇಡ.

ಬಿಟ್ಟದ್ದನ್ನು ಮತ್ತೆ ಸೇರಿಸಬೇಕು

ಈ ಪಥ್ಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಹೊಟ್ಟೆ ಹಗುರವಾಯಿತೆಂದು ಜೀವಮಾನವಿಡೀ ಹಾಗೇ ಇದ್ದುಬಿಡುತ್ತಾರೆ. ಅದು ತಪ್ಪು. ಬೇಳೆ, ಹಾಲು, ಈರುಳ್ಳಿ ಇವೆಲ್ಲ ನಮಗೆ ಬೇಕಾದವೇ. ಈರುಳ್ಳಿ, ಬೆಳ್ಳುಳ್ಳಿ, ಕಾಳುಗಳನ್ನು ಉಂಡು ಬೆಳೆಯುವ ಒಳ್ಳೆಯ ಸೂಕ್ಷ್ಮಜೀವಿಗಳೂ ಕರುಳಿನಲ್ಲಿವೆ, ಅವನ್ನು ಉಪವಾಸ ಕೆಡವಬಾರದು. ಕಟ್ಟುನಿಟ್ಟು ಎರಡರಿಂದ ಆರು ವಾರ ಮಾತ್ರ. ಅಷ್ಟರಲ್ಲಿ ಗುಣ ಕಾಣದಿದ್ದರೆ ಈ ಪಥ್ಯ ನಿಮ್ಮದಲ್ಲ ಎಂದು ತಿಳಿದು ನಿಲ್ಲಿಸಿ.

ಗುಣ ಕಂಡರೆ ಒಂದು ನೋಟ್‌ಬುಕ್ ಇಟ್ಟುಕೊಂಡು ಪರೀಕ್ಷೆ ಶುರು ಮಾಡಿ. ಅದೇ ಸೌತೆಕಾಯಿ, ಅದೇ ನಿಂಬೆ ಒಗ್ಗರಣೆ ಇರಲಿ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಮೊದಲ ದಿನ ಒಂದು ಚಹಾ ಚಮಚ ಜೇನು, ಮರುದಿನ ಎರಡು, ಮೂರನೇ ದಿನ ಮೂರು. ತೊಂದರೆ ಬಂದರೆ ಅಲ್ಲಿಗೇ ನಿಲ್ಲಿಸಿ. ಎರಡು ಮೂರು ದಿನ ಬಿಡುವು ಕೊಟ್ಟು ಮೊಸರನ್ನು ಹೀಗೆಯೇ ನೋಡಿ. ಆಮೇಲೆ ಬೆಳ್ಳುಳ್ಳಿ, ಆಮೇಲೆ ಈರುಳ್ಳಿ. ಎಷ್ಟೋ ಜನಕ್ಕೆ ಎಲ್ಲವೂ ತೊಂದರೆ ಕೊಡುವುದಿಲ್ಲ, ಒಂದೋ ಎರಡೋ ಅಷ್ಟೇ. ನನ್ನ ತಂಗಿಗೆ ಜೇನು, ಹೆಚ್ಚು ಮಜ್ಜಿಗೆ ಮತ್ತು ಹಸಿ ಈರುಳ್ಳಿ ಆಗುವುದಿಲ್ಲವೆಂದು ಗೊತ್ತಾಯಿತು. ಬೇಯಿಸಿದ ಬೇಳೆ ಸಾರು ಆಗುತ್ತದೆ, ಎರಡು ಚಮಚ ಮೊಸರು ಆಗುತ್ತದೆ. ಈಗ ಅವಳು ನಿಶ್ಚಿಂತೆಯಿಂದ ಉಣ್ಣುತ್ತಾಳೆ, ಮಗ್ಗದಲ್ಲಿ ಕೂತರೆ ಮಧ್ಯೆ ಏಳುವುದು ಕಡಿಮೆಯಾಗಿದೆ. ಕಳೆದುಕೊಂಡ ತೂಕ ನಿಧಾನವಾಗಿ ಮರಳುತ್ತಿದೆ.

ಮೊದಲು ವೈದ್ಯರು, ಆಮೇಲೆ ಪಥ್ಯ

ಎಲ್ಲ ಹೊಟ್ಟೆನೋವೂ ಐ.ಬಿ.ಎಸ್. ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಯಾವುದಿದ್ದರೂ ಲೇಖನ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ. ಹೆಂಗಸರಲ್ಲಿ ಹೊಟ್ಟೆ ಉಬ್ಬರ ಬಿಡದೆ ಇದ್ದರೆ ಅಂಡಾಶಯವನ್ನೂ ನೋಡಿಸಬೇಕು, ಸಂಕೋಚ ಪಡಬೇಡಿ. ಗೋಧಿ ಬಿಡುವ ಮೊದಲೇ ಸೀಲಿಯಾಕ್ ಪರೀಕ್ಷೆ ಮಾಡಿಸಿ, ಗೋಧಿ ತಿನ್ನುತ್ತಿರುವಾಗ ಮಾತ್ರ ಆ ಪರೀಕ್ಷೆ ಸರಿಯಾದ ಉತ್ತರ ಕೊಡುತ್ತದೆ. ಗರ್ಭಿಣಿಯರು, ಬಾಣಂತಿಯರು, ಮೊದಲೇ ಸಣಕಲಾಗಿರುವವರು, ಬೆಳೆಯುವ ಮಕ್ಕಳು ತಾವೇ ಇಂಥ ಪಥ್ಯ ಹಿಡಿಯಬಾರದು. ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲಿ ಡಯಟಿಷಿಯನ್ ಇದ್ದಾರೆಯೇ ಎಂದು ವಿಚಾರಿಸಿ. ಮೊಬೈಲು ಬಳಸುವವರಿಗೆ ಮೊನಾಶ್ ವಿಶ್ವವಿದ್ಯಾಲಯದವರು 2012ರಲ್ಲಿ ಹೊರತಂದ ಆಪ್ ಇದೆ. ಯಾವ ಪದಾರ್ಥ ಎಷ್ಟು ತಿಂದರೆ ಹಸಿರು, ಎಷ್ಟಕ್ಕೆ ಕೆಂಪು ಎಂದು ಬಣ್ಣದಲ್ಲೇ ತೋರಿಸುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕು.

ಕೊನೆಯದಾಗಿ ಅತ್ತೆಯಂದಿರಿಗೆ, ನಾದಿನಿಯರಿಗೆ ಒಂದು ಮಾತು. ಮನೆಯಲ್ಲಿ ಒಬ್ಬಳಿಗೆ ಹೊಟ್ಟೆ ತೊಂದರೆ ಇದ್ದರೆ ಅವಳಿಗೆಂದು ಬೇರೆ ಅಡಿಗೆ ಹೂಡಬೇಕಿಲ್ಲ. ಹೆಚ್ಚಿದ ತರಕಾರಿಯಲ್ಲಿ ಅವಳ ಪಾಲನ್ನು ಈರುಳ್ಳಿ ಸೇರಿಸುವ ಮೊದಲೇ ಒಂದು ಬಟ್ಟಲಿಗೆ ತೆಗೆದು, ಮೇಲೆ ಎರಡು ಚಮಚ ನಿಂಬೆ ಒಗ್ಗರಣೆ ಹಾಕಿಡಿ. ಎರಡು ನಿಮಿಷದ ಕೆಲಸ. ಹೀಗೆ ಪಾಲು ತೆಗೆದಿಡುವವರೊಬ್ಬರಿದ್ದರೆ ಅವಳ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ. ಉಳಿದರ್ಧಕ್ಕೆ ಶೇಂಗಾ ಎಣ್ಣೆ, ನಿಂಬೆಹಣ್ಣು ಹೇಗೂ ಮನೆಯಲ್ಲೇ ಇವೆಯಲ್ಲ!